ತುಕ್ಕಿನ ತೂಕ

ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ ಎಂದು ದೇರೆಬೈಲಿನಲ್ಲಿ ಯಾರಿಗೂ ಪಾಠ ಮಾಡಬೇಕಾಗಿಲ್ಲ. ಮಳೆಗಾಲಕ್ಕೆ ಮೊದಲು ಗೇಟಿಗೆ ಬಣ್ಣ ಬಳಿದರೂ ದೀಪಾವಳಿಯ ಹೊತ್ತಿಗೆ ಸಂದಿಯಲ್ಲಿ ಕೆಂಪು ಇಣುಕುತ್ತದೆ. ಶಾಲೆಯ ಪ್ರಯೋಗವೂ ಅಷ್ಟನ್ನೇ ತೋರಿಸುತ್ತದೆ. ಮೂರು ಪ್ರನಾಳ, ಮೂರು ಮೊಳೆ. ಗಾಳಿ, ನೀರು ಎರಡೂ ಇದ್ದಲ್ಲಿ ಮಾತ್ರ ತುಕ್ಕು. ಪಕ್ಕದ ಮನೆಯ ಒಂಬತ್ತನೇ ತರಗತಿಯ ಹುಡುಗಿ ಕೇಳಿದ್ದು ಅದರ ಮುಂದಿನ ಪ್ರಶ್ನೆ: "ಅಕ್ಕಾ, ಎಷ್ಟು ಹಿಡಿಯಿತು ಅಂತ ಹೇಳ್ಲಿಕ್ಕೆ ಆಗ್ತದಾ?"

ರಸಾಯನಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿರುವವಳಿಗೂ ಇದು ಸುಲಭದ ಪ್ರಶ್ನೆಯಲ್ಲ. ಒಂದು ಗ್ರಾಂ ಕಬ್ಬಿಣ ತುಕ್ಕಾದರೆ ಸುಮಾರು 1.6 ಗ್ರಾಂ ಆಗುತ್ತದೆ. ಹಾಗಂತ ಮೊಳೆಯ ತೂಕ ಹೆಚ್ಚಿದ್ದನ್ನು ಅಳೆಯೋಣವೆಂದರೆ ಅರ್ಧ ತುಕ್ಕು ಉದುರಿ ನೀರಿನ ತಳ ಸೇರಿರುತ್ತದೆ. ಆದ್ದರಿಂದ ತುಕ್ಕನ್ನೆಲ್ಲ ತೆಗೆದು, ಉಳಿದ ಕಬ್ಬಿಣವನ್ನು ತೂಗಬೇಕು.

ಸಮುದ್ರದ ನೀರಿನಲ್ಲಿ ಉಕ್ಕು ವರ್ಷಕ್ಕೆ ಹೆಚ್ಚುಕಡಿಮೆ 0.1 ಮಿಲಿಮೀಟರ್ ಸವೆಯುತ್ತದೆ. ಮೂರು ಇಂಚಿನ ಮೊಳೆಗೆ ಲೆಕ್ಕ ಹಾಕಿದರೆ ವಾರಕ್ಕೆ ಸುಮಾರು 12 ಮಿಲಿಗ್ರಾಂ. ನಮ್ಮಲ್ಲಿದ್ದ ಸಣ್ಣ ಡಿಜಿಟಲ್ ತಕ್ಕಡಿ 10 ಮಿಲಿಗ್ರಾಂಗಿಂತ ಕಡಿಮೆ ತೋರಿಸುವುದಿಲ್ಲ. ಹಾಗಾಗಿ ಒಂದು ಬಾಟಲಿಗೆ ಹತ್ತು ಮೊಳೆ, ಎರಡು ವಾರ. ಪಣಂಬೂರಿನ ಕಡಲ ನೀರು, ತುಂಬೆಯಿಂದ ಬರುವ ನಳ್ಳಿ ನೀರು, ಅವರ ಮನೆಯ ಬಾವಿ ನೀರು. ಪ್ರತಿಯೊಂದಕ್ಕೂ ಮೂರು ಬಾಟಲಿ. ಹೊಸ ಮೊಳೆಯ ಎಣ್ಣೆಪಸೆ ಹೋಗುವಂತೆ ಮರಳುಕಾಗದದಲ್ಲಿ ಉಜ್ಜಿ, ಸೋಪಿನಲ್ಲಿ ತೊಳೆದು, ಒಣಗಿಸಿ ತೂಗಿದೆವು.

ತುಕ್ಕು ತೆಗೆಯಲು ಅವಳ ಅಜ್ಜಿ ಬಿಂಬುಳಿ ಸಾಕೆಂದರು. ಕತ್ತಿಗೆ ಸಾಕು, ಲೆಕ್ಕಕ್ಕೆ ಸಾಲದು. ಹಣ್ಣಿನಿಂದ ಹಣ್ಣಿಗೆ ಹುಳಿ ಬೇರೆ. ಎಲ್ಲದಕ್ಕೂ ಒಂದೇ ಬ್ರ್ಯಾಂಡಿನ ವಿನೆಗರ್, ಒಂದೇ ಅಳತೆ, ಒಂದು ರಾತ್ರಿ. ವಿನೆಗರ್ ಒಳ್ಳೆಯ ಕಬ್ಬಿಣವನ್ನೂ ತಿನ್ನುತ್ತದೆ. ಅದಕ್ಕೆಂದೇ ತುಕ್ಕಿಲ್ಲದ ಹತ್ತು ಮೊಳೆಗಳನ್ನೂ ಹಾಗೇ ನೆನೆಸಿಟ್ಟೆವು. ಅವು ಕಳೆದುಕೊಂಡದ್ದನ್ನು ಉಳಿದವುಗಳ ಲೆಕ್ಕದಿಂದ ಕಳೆಯಬೇಕು. ಅವಳಿಗೆ ಇಡೀ ಪ್ರಯೋಗದಲ್ಲಿ ಹಿಡಿಸಿದ್ದು ಈ ಉಪಾಯ.

ಕಡಲ ನೀರಿನ ಮೂರು ಬಾಟಲಿಗಳಲ್ಲಿ ಸವೆದದ್ದು 0.21, 0.24, 0.35 ಗ್ರಾಂ. ಮೂರನೆಯದನ್ನು ನೋಡಿ ಅವಳ ಮುಖ ಸಣ್ಣದಾಯಿತು. "ಇದನ್ನು ಬಿಟ್ಟುಬಿಡುವನಾ ಅಕ್ಕಾ? ಮಾರ್ಕ್ ಹೋಗ್ತದೆ." ಅವಳ ರೆಕಾರ್ಡ್ ಪುಸ್ತಕದಲ್ಲಿ ಫಲಿತಾಂಶವನ್ನು ಮೊದಲೇ ಬರೆದು, ಆಮೇಲೆ ಪ್ರಯೋಗ ಮಾಡುವುದು ರೂಢಿ. ಒಂದು ಬಿಂದು ತೆಗೆದರೆ ಗೆರೆ ಎಷ್ಟು ನೇರವಾಗುತ್ತದೆಂದು ಸಂಶೋಧನಾ ವಿದ್ಯಾರ್ಥಿಗಳಿಗೆಲ್ಲ ಗೊತ್ತು. ಆ ಆಸೆ ಎಲ್ಲಿ ಮೊಳೆಯುತ್ತದೆಂದು ನನಗೆ ಅಂದು ತಿಳಿಯಿತು.

ತಕ್ಕಡಿ ಸರಿಯಿತ್ತು, ಮತ್ತೆ ತೂಗಿದರೂ ಅದೇ ಅಂಕಿ. ಆ ಬಾಟಲಿಯಲ್ಲಿ ಕೆಲವು ಮೊಳೆಗಳ ತಲೆ ನೀರಿನ ಮೇಲಿತ್ತೆಂದು ಅವಳಿಗೇ ನೆನಪಾಯಿತು. ಅಲ್ಲಿ ಗಾಳಿ ಹೆಚ್ಚು ಸಿಕ್ಕಿರಬಹುದು, ಆದರೆ ಅದೇ ಕಾರಣವೆಂದು ಹೇಳಲು ಇನ್ನೊಮ್ಮೆ ಮಾಡಿ ನೋಡಬೇಕು. ಅವಳು ಮೂರೂ ಅಂಕಿಗಳನ್ನು ಚಾರ್ಟಿನಲ್ಲಿ ಬರೆದಳು. ಪಕ್ಕದಲ್ಲಿ ಪೆನ್ಸಿಲಿನಿಂದ, "ಕಾರಣ ನೀರಿನ ಮಟ್ಟ ಇರಬಹುದು. ಪರೀಕ್ಷಿಸಬೇಕು."