ಫತ್ತೂಶ್: ಒಣ ರೊಟ್ಟಿಯ ಕೋಸಂಬರಿ

ಮಕ್ಕಳೇ, ನಿಮ್ಮ ಅಟ್ಲಾಸ್ ತೆಗೆದು ಮೆಡಿಟರೇನಿಯನ್ ಸಮುದ್ರದ ಪೂರ್ವ ದಂಡೆಯನ್ನು ಹುಡುಕಿ. ಸಿರಿಯಾ ಮತ್ತು ಇಸ್ರೇಲ್‌ಗಳಿಗೆ ಅಂಟಿಕೊಂಡು, ಸಮುದ್ರಕ್ಕೆ ಮುಖ ಮಾಡಿರುವ ಪುಟ್ಟ ದೇಶವೇ ಲೆಬನಾನ್. ವಿಸ್ತೀರ್ಣ 10,452 ಚದರ ಕಿಲೋಮೀಟರ್ ಮಾತ್ರ. ನಮ್ಮ ಬೆಳಗಾವಿ ಜಿಲ್ಲೆಯೇ ಇದಕ್ಕಿಂತ ದೊಡ್ಡದು. ಇಷ್ಟು ಚಿಕ್ಕ ನಾಡಿನಲ್ಲಿ ಕಡಲೂ ಇದೆ, ಮೂರು ಸಾವಿರ ಮೀಟರ್ ಮೀರಿದ ಬೆಟ್ಟವೂ ಇದೆ. ಚಳಿಗಾಲದಲ್ಲಿ ಬೆಟ್ಟಗಳ ಮೇಲೆ ಹಿಮ ಬೀಳುತ್ತದೆ. ಬಾವುಟದ ನಡುವೆ ಇರುವುದು ನಮ್ಮ ದೇವದಾರುವಿನ ಬಳಗಕ್ಕೆ ಸೇರಿದ ಸೀಡರ್ ಮರ.

2018ರ ಜೂನ್ ಮೊದಲ ವಾರ ಮಗಳು, ಅಳಿಯನ ಜೊತೆ ನಾನೂ ನನ್ನ ಹೆಂಡತಿಯೂ ಅಲ್ಲಿಗೆ ಹೋಗಿದ್ದೆವು. ರಾಜಧಾನಿ ಬೈರೂತ್‌ನಿಂದ ಕಾರಿನಲ್ಲಿ ಹೊರಟು ಬೆಟ್ಟ ಹತ್ತಿದರೆ, ಸೆಕೆ ಹಿಂದೆ ಸರಿದು ತಣ್ಣನೆಯ ಗಾಳಿ ಬೀಸತೊಡಗುತ್ತದೆ. ಘಟ್ಟ ಇಳಿಯುವಾಗ ಎರಡು ಬೆಟ್ಟಸಾಲುಗಳ ನಡುವೆ ಬೆಕಾ ಕಣಿವೆ ಕಾಣುತ್ತದೆ. ಗೋಧಿ, ದ್ರಾಕ್ಷಿ, ಆಲೂಗೆಡ್ಡೆ, ತರಕಾರಿ ಎಲ್ಲವೂ ಬೆಳೆಯುವ ಈ ಕಣಿವೆ ಆ ದೇಶದ ಅನ್ನದ ಬಟ್ಟಲು.

ಕಣಿವೆಯ ಅಂಚಿನಲ್ಲಿರುವ ಊರು ಝಹ್ಲೆ. ಅಲ್ಲಿ ಬರ್ದೌನಿ ಎಂಬ ಹೊಳೆಯ ಎರಡೂ ದಡಗಳಲ್ಲಿ ಊಟದ ಮನೆಗಳಿವೆ. ಸಸ್ಯಾಹಾರಿಗಳಾದ ನಮಗೆ ಏನು ಸಿಕ್ಕೀತೋ ಎಂಬ ಅನುಮಾನವಿತ್ತು. ಕುಳಿತ ಐದು ನಿಮಿಷಕ್ಕೆ ಮೇಜಿನ ತುಂಬ ಚಿಕ್ಕ ಚಿಕ್ಕ ತಟ್ಟೆಗಳು ಬಂದವು. ಕಡಲೆಯನ್ನು ಬೇಯಿಸಿ ರುಬ್ಬಿದ ಹುಮ್ಮುಸ್, ಸುಟ್ಟ ಬದನೆಕಾಯಿಯ ಗೊಜ್ಜು, ಆಲಿವ್ ಕಾಯಿ. ನಡುವೆ ದೊಡ್ಡ ಬಟ್ಟಲಿನಲ್ಲಿ ಬಣ್ಣಬಣ್ಣದ ಹಸಿ ತರಕಾರಿ, ಅದರ ಮೇಲೆ ಗರಿಗರಿ ರೊಟ್ಟಿಯ ಚೂರುಗಳು. ಅದೇ ಫತ್ತೂಶ್.

ಮೊದಲ ತುತ್ತಿಗೇ ಹುಳಿ, ಪುದೀನದ ತಂಪು, ಹಲ್ಲಿನ ಕೆಳಗೆ ಕರುಂ ಎನ್ನುವ ರೊಟ್ಟಿ. "ಇದು ಅವರ ಕೋಸಂಬರಿ" ಎಂದಳು ನನ್ನ ಹೆಂಡತಿ. ಬಟ್ಟಲಿನಿಂದ ಒಂದು ದಪ್ಪ ಎಲೆಯನ್ನು ಎತ್ತಿ ನೋಡಿ, "ಅರೆ, ಇದು ನಮ್ಮ ಗೋಣಿ ಸೊಪ್ಪು!" ಎಂದು ನಕ್ಕಳು. ನಿಜ. ನಮ್ಮ ಹೊಲಗಳಲ್ಲಿ ತಾನಾಗಿ ಬೆಳೆಯುವ, ಹಲವರು ಕಳೆಯೆಂದು ಕಿತ್ತೆಸೆಯುವ ಗೋಣಿ ಸೊಪ್ಪನ್ನೇ ಅಲ್ಲಿ ಹಸಿಯಾಗಿ ಫತ್ತೂಶ್‌ಗೆ ಹಾಕುತ್ತಾರೆ. ಹುಳಿ ಬರುವುದು ನಿಂಬೆಯಿಂದ ಮತ್ತು ಸುಮಾಕ್‌ನಿಂದ. ಸುಮಾಕ್ ಬೆಟ್ಟದ ಇಳಿಜಾರಿನಲ್ಲಿ ಬೆಳೆಯುವ ಒಂದು ಗಿಡ. ಅದರ ಕೆಂಪು ಕಾಯಿಗಳನ್ನು ಒಣಗಿಸಿ ಪುಡಿ ಮಾಡುತ್ತಾರೆ.

ಅರಬ್ಬಿ ಭಾಷೆಯಲ್ಲಿ 'ಫತ್ತ' ಎಂದರೆ ಮುರಿದು ಚೂರು ಮಾಡುವುದು. ಫತ್ತೂಶ್ ಎಂಬ ಹೆಸರು ಹುಟ್ಟಿದ್ದು ಅದರಿಂದಲೇ. ಅಲ್ಲಿನವರು ರೊಟ್ಟಿಗೆ 'ಖುಬ್ಜ್' ಎನ್ನುತ್ತಾರೆ. ಬೇಕರಿಯಿಂದ ಕಟ್ಟುಕಟ್ಟಾಗಿ ತರುವ ಈ ತೆಳು ರೊಟ್ಟಿ ಮರುದಿನಕ್ಕೆ ಒಣಗಿ ಹೋಗುತ್ತದೆ. ಅದನ್ನು ಎಸೆಯುವ ಬದಲು ಮುರಿದು, ಹುರಿದು, ತೋಟದ ತರಕಾರಿಯೊಡನೆ ಕಲೆಸಿದರು. ಉತ್ತರ ಕರ್ನಾಟಕದ ಮನೆಗಳಲ್ಲಿ ರೊಟ್ಟಿಯನ್ನು ಬೆಳ್ಳುಳ್ಳಿ, ಖಾರದ ಜೊತೆ ಕುಟ್ಟಿ ಮುಟಗಿ ಮಾಡುವುದಿಲ್ಲವೇ, ಹಾಗೆ. ನಾವು ಹೋದಾಗ ರಂಜಾನ್ ತಿಂಗಳು. ಉಪವಾಸ ಬಿಡುವ ಸಂಜೆಯ ಊಟದಲ್ಲಿ ಬೇಳೆ ಸಾರು, ಖರ್ಜೂರದ ಪಕ್ಕದಲ್ಲಿ ಫತ್ತೂಶ್ ಇದ್ದೇ ಇರುತ್ತದೆ. ಕ್ರೈಸ್ತರೇ ಹೆಚ್ಚಾಗಿರುವ ಝಹ್ಲೆಯಲ್ಲೂ ಅದೇ ಬಟ್ಟಲು. ಹದಿನೆಂಟು ಧಾರ್ಮಿಕ ಪಂಗಡಗಳಿರುವ ದೇಶದಲ್ಲಿ ಈ ತಟ್ಟೆ ಎಲ್ಲರದೂ.

ನಮ್ಮ ಕಾರು ಓಡಿಸುತ್ತಿದ್ದವರು ನಿವೃತ್ತ ಶಾಲಾ ಮೇಷ್ಟ್ರು. ಊಟ ಮುಗಿಸಿ ಹೊರಬಂದಾಗ ದಾರಿಯಲ್ಲಿ ಯಾರೋ ಬೀಳಿಸಿದ್ದ ರೊಟ್ಟಿಯ ತುಂಡನ್ನು ಕಂಡು ಅವರು ಬಗ್ಗಿದರು. ಅದನ್ನೆತ್ತಿ ಮುತ್ತಿಟ್ಟು, ಹಣೆಗೆ ಮುಟ್ಟಿಸಿ, ಹಕ್ಕಿಗಳಿಗಾಗಲೆಂದು ಗೋಡೆಯ ಮೇಲಿಟ್ಟರು. ಆ ಸೀಮೆಯಲ್ಲಿ ಇದು ಹಿರಿಯರು ಕಲಿಸುವ ರೂಢಿ. ಪುಸ್ತಕಕ್ಕೆ ಕಾಲು ತಾಗಿದರೆ ನೀವು ಕಣ್ಣಿಗೊತ್ತಿಕೊಳ್ಳುತ್ತೀರಲ್ಲ, ಅದೇ ಭಾವ.

ಮೂವತ್ತೈದು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕುಳಿತ ನನ್ನ ಕಣ್ಣು ಹೋದದ್ದು ಅಲ್ಲಿನ ನೋಟುಗಳ ಕಡೆಗೆ. ಅಂಗಡಿಯಲ್ಲಿ ಡಾಲರ್ ಕೊಟ್ಟರೆ ಚಿಲ್ಲರೆಯನ್ನು ಲಿರಾದಲ್ಲಿ ಕೊಡುತ್ತಿದ್ದರು. ಲೆಕ್ಕ ಸುಲಭ: ಒಂದು ಡಾಲರಿಗೆ ಹತ್ತಿರ ಹತ್ತಿರ 1,500 ಲಿರಾ. ಇಪ್ಪತ್ತು ವರ್ಷದಿಂದ ಬದಲಾಗದ ದರ ಅದು. ಮೇಷ್ಟ್ರು ತಮ್ಮ ನಿವೃತ್ತಿಯ ಹಣವನ್ನೆಲ್ಲ ಬ್ಯಾಂಕಿನಲ್ಲಿಟ್ಟಿದ್ದರು. ಅದು ಮೊಮ್ಮಗಳ ಕಾಲೇಜಿಗೆ ಎಂದು ಹೇಳುವಾಗ ಅವರ ಮುಖ ಅರಳಿತ್ತು.

ಮರುವರ್ಷ, 2019ರ ಅಕ್ಟೋಬರ್‌ನಲ್ಲಿ, ಅಲ್ಲಿನ ಬ್ಯಾಂಕುಗಳು ಬಾಗಿಲು ಹಾಕಿದವು. ತೆರೆದಾಗ ಜನರಿಗೆ ತಮ್ಮದೇ ದುಡ್ಡು ಸ್ವಲ್ಪ ಸ್ವಲ್ಪವೇ ಸಿಕ್ಕಿತು. ಲಿರಾದ ಬೆಲೆ ಕುಸಿಯುತ್ತಾ ಹೋಯಿತು. ನಾವು ಹೋದಾಗ ಒಂದೂವರೆ ಲಕ್ಷ ಲಿರಾ ಕೊಟ್ಟರೆ ನೂರು ಡಾಲರ್ ಬರುತ್ತಿತ್ತು. ಐದಾರು ವರ್ಷಗಳಲ್ಲಿ ಒಂದು ಡಾಲರಿಗೆ ಸುಮಾರು 89,500 ಲಿರಾ ಆಯಿತು. ಅಂದರೆ ಅದೇ ಒಂದೂವರೆ ಲಕ್ಷಕ್ಕೆ ಎರಡು ಡಾಲರೂ ಬರುವುದಿಲ್ಲ. ಮಕ್ಕಳೇ, ಭಾಗಾಕಾರ ಮಾಡಿ ನೋಡಿ.

ಕಷ್ಟ ಅಷ್ಟಕ್ಕೇ ನಿಲ್ಲಲಿಲ್ಲ. 2020ರ ಆಗಸ್ಟ್ 4ರಂದು ಬೈರೂತ್ ಬಂದರಿನಲ್ಲಿ ಭಾರೀ ಸ್ಫೋಟವಾಗಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಸುಮಾರು 1,20,000 ಟನ್ ಕಾಳು ಹಿಡಿಯುತ್ತಿದ್ದ, ದೇಶದ ಅತಿ ದೊಡ್ಡ ಕಣಜ ಅಲ್ಲೇ ಇತ್ತು. ಅದೂ ಒಡೆದುಹೋಯಿತು. ಬೆಕಾ ಕಣಿವೆಯ ಗೋಧಿ ಇಡೀ ದೇಶಕ್ಕೆ ಸಾಲದು. ಹೆಚ್ಚಿನ ಗೋಧಿ ಉಕ್ರೇನಿನಿಂದ ಬರುತ್ತಿತ್ತು. 2022ರಲ್ಲಿ ಅಲ್ಲಿ ಯುದ್ಧ ಶುರುವಾಯಿತು. ಆ ಬೇಸಿಗೆಯಲ್ಲಿ ಬೇಕರಿಗಳ ಮುಂದೆ ಉದ್ದುದ್ದ ಸಾಲು. ಮಗಳು ಫೋನ್ ಮಾಡಿದಾಗ ಮೇಷ್ಟ್ರು ಸಾಲಿನಲ್ಲೇ ನಿಂತಿದ್ದರಂತೆ. ಒಬ್ಬರಿಗೆ ಒಂದೇ ಕಟ್ಟು ರೊಟ್ಟಿ. "ನಿಮ್ಮ ತಂದೆಗೆ ಹೇಳಮ್ಮ, ಈಗ ನಮ್ಮ ಮನೆಯಲ್ಲಿ ಫತ್ತೂಶ್‌ಗೆ ಉಳಿಯುವಷ್ಟು ರೊಟ್ಟಿಯೇ ಇರುವುದಿಲ್ಲ" ಎಂದರಂತೆ.

ನಮ್ಮ ಮನೆಗಳಲ್ಲಿ ಎರಡು ಚಪಾತಿ ಉಳಿಯುತ್ತದೆ. ಅದು ಎಷ್ಟು ದೊಡ್ಡ ಭಾಗ್ಯ ಎಂದು ಆ ಮಾತು ಕೇಳಿದ ಮೇಲೆ ನನಗೆ ಅನ್ನಿಸುತ್ತದೆ. ಆದ್ದರಿಂದ ಅಜ್ಜ, ಅಜ್ಜಿ, ಮೊಮ್ಮಕ್ಕಳು ಸೇರಿ ಇದನ್ನು ಮಾಡಿ ನೋಡಿ. ನಾಲ್ಕು ಜನಕ್ಕೆ ಸಾಕು.

ಬೇಕಾಗುವುದು: ಹಿಂದಿನ ದಿನದ ಎರಡು ಚಪಾತಿ ಅಥವಾ ಬೇಕರಿಯ ಪೀಟಾ ರೊಟ್ಟಿ, ಎರಡು ಸೌತೆಕಾಯಿ, ಮೂರು ಗಟ್ಟಿ ಟೊಮೆಟೊ, ಒಂದು ದಪ್ಪ ಮೆಣಸಿನಕಾಯಿ, ಒಂದು ಎಳೆ ಮೂಲಂಗಿ, ಈರುಳ್ಳಿ ಸೊಪ್ಪು, ಏಳೆಂಟು ಲೆಟ್ಯೂಸ್ ಎಲೆ, ಒಂದು ಹಿಡಿ ಪುದೀನ. ಗೋಣಿ ಸೊಪ್ಪಿನ ಎಳೆ ಕುಡಿ ಸಿಕ್ಕರೆ ಬಿಡಬೇಡಿ. ಹುಳಿ ರಸಕ್ಕೆ ಎರಡು ನಿಂಬೆಹಣ್ಣು, ಒಂದು ಎಸಳು ಬೆಳ್ಳುಳ್ಳಿ, ಉಪ್ಪು, ಮೂರು ದೊಡ್ಡ ಚಮಚ ಆಲಿವ್ ಎಣ್ಣೆ, ಎರಡು ಚಿಕ್ಕ ಚಮಚ ಸುಮಾಕ್ ಪುಡಿ. ಸುಮಾಕ್ ಸಿಗದಿದ್ದರೆ ಅರ್ಧ ಚಮಚ ಆಮ್‌ಚೂರ್ ಹಾಕಿ. ರುಚಿ ಪೂರ್ತಿ ಅದೇ ಅಲ್ಲ, ಆದರೆ ಹತ್ತಿರ ಬರುತ್ತದೆ.

ಒಲೆಯ ಕೆಲಸ ದೊಡ್ಡವರದು. ಚಪಾತಿಯನ್ನು ಚಿಕ್ಕ ಚೌಕಗಳಾಗಿ ಕತ್ತರಿಸಿ, ಒಂದು ಚಮಚ ಎಣ್ಣೆ ಸವರಿ, ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಗರಿಗರಿಯಾಗುವವರೆಗೆ ಹುರಿಯಿರಿ. ಪೂರ್ತಿ ಆರಲಿ. ಮಕ್ಕಳು ಸೊಪ್ಪು ತೊಳೆದು, ಬಟ್ಟೆಯಲ್ಲಿ ನೀರು ಒರೆಸಿ, ಎಲೆಗಳನ್ನು ಕೈಯಿಂದ ಹರಿಯಲಿ. ನೀರು ಉಳಿದರೆ ರಸ ಸಪ್ಪೆಯಾಗುತ್ತದೆ. ತರಕಾರಿಯನ್ನು ಕೋಸಂಬರಿಯಂತೆ ಸಣ್ಣಗೆ ಹೆಚ್ಚಬೇಡಿ, ಬಾಯಿಗೆ ಹಿಡಿಸುವಷ್ಟು ದಪ್ಪ ಇರಲಿ. ಬೆಳ್ಳುಳ್ಳಿಯನ್ನು ಉಪ್ಪಿನೊಡನೆ ಜಜ್ಜಿ, ನಿಂಬೆರಸ, ಸುಮಾಕ್, ಎಣ್ಣೆ ಸೇರಿಸಿ ಕಡೆಯಿರಿ. ಇದನ್ನು ತರಕಾರಿಗೆ ಸುರಿದು ಕಲೆಸಿ.

ರೊಟ್ಟಿ ಹಾಕುವುದು ಎಲ್ಲರೂ ತಟ್ಟೆಯ ಮುಂದೆ ಕುಳಿತ ಮೇಲೆ. ಮೊದಲೇ ಹಾಕಿದರೆ ಮೆತ್ತಗಾಗುತ್ತದೆ. ನನ್ನ ಹಾಗೆ ಹಲ್ಲು ಕಳೆದುಕೊಂಡವರು ಮಾತ್ರ ಐದು ನಿಮಿಷ ಕಾಯಲಿ. ರಸ ಹೀರಿಕೊಂಡ ರೊಟ್ಟಿ ಹಲ್ಲಿಲ್ಲದೆಯೂ ಕರಗುತ್ತದೆ. ಬಟ್ಟಲಿನ ತಳದಲ್ಲಿ ಉಳಿಯುವ ಹುಳಿ ರಸದಲ್ಲೇ ಎಲ್ಲ ರುಚಿಯೂ ಇರುತ್ತದೆ. ಅದನ್ನು ಚೆಲ್ಲಬೇಡಿ. ಕೊನೆಯ ಚೂರು ರೊಟ್ಟಿಯಿಂದ ಒರೆಸಿ ತಿನ್ನಿ.