ಕಿವಿಗೆ ಅರಿವಳಿಕೆ ಇಲ್ಲ

ಆಪರೇಷನ್ ಥಿಯೇಟರಿನ ಬಾಗಿಲು ದಾಟುತ್ತಿದ್ದಂತೆ ಎಸಿಯ ಚಳಿ ಮೈಗೆ ಅಡರುತ್ತದೆ. ಇವತ್ತು ನಿಮ್ಮ ಬಲಮಂಡಿ ಬದಲಾಯಿಸುವ ದಿನ. ಟೇಬಲ್ಲಿನ ಅಂಚಿನಲ್ಲಿ ಕೂರಿಸಿ, ತೊಡೆಯ ಮೇಲೊಂದು ದಿಂಬು ಇಟ್ಟಿದ್ದಾರೆ. ಬೆನ್ನ ಹಿಂದಿನಿಂದ ಅರಿವಳಿಕೆ ಡಾಕ್ಟರ ದನಿ: “ಅಮ್ಮಾ, ದಿಂಬು ತಬ್ಬಿಕೊಂಡು ಬೆನ್ನು ಬಗ್ಗಿಸಿ. ಗದ್ದ ಎದೆಗೆ ತಾಗಲಿ. ಚುರುಕ್ ಅನ್ನತ್ತೆ, ಅಲ್ಲಾಡಬೇಡಿ.” ಸ್ಪಿರಿಟ್ಟಿನ ತಣ್ಣನೆ ಹತ್ತಿ ಸೊಂಟ ಸವರುತ್ತದೆ. ಸೂಜಿ ಇಳಿಯುತ್ತದೆ. ಮಲಗಿಸುವಷ್ಟರಲ್ಲಿ ಕಾಲುಗಳು ಬೆಚ್ಚಗಾಗಿ, ಭಾರವಾಗಿ, ನಿಮ್ಮವೇ ಅಲ್ಲವೆನ್ನಿಸುತ್ತವೆ.

“ಕಾಲು ಎತ್ತಿ ನೋಡೋಣ.”

ಏಳುವುದಿಲ್ಲ.

ಎದೆಯ ಮುಂದೆ ಹಸಿರು ಬಟ್ಟೆಯ ಪರದೆ ಏರುತ್ತದೆ. ಸೊಂಟದ ಕೆಳಗೆ ನೋವಿಲ್ಲ, ಆದರೆ ಕಿವಿ ಪೂರ್ತಿ ಎಚ್ಚರವಾಗಿದೆ. ಟ್ರೇಯಲ್ಲಿ ಸ್ಟೀಲಿನ ಸಾಮಾನು ಟಣ್ ಎನ್ನುತ್ತದೆ. ತಲೆಯ ಬಳಿ ಮಾನಿಟರಿನ ಬೀಪ್ ಬೀಪ್. ಅದು ನಿಮ್ಮದೇ ಎದೆಬಡಿತ. ಜೋರಾಗಿದೆಯೆಂದು ನಿಮಗೇ ತಿಳಿಯುತ್ತದೆ. ತಿಳಿದಷ್ಟೂ ಇನ್ನೂ ಜೋರಾಗುತ್ತದೆ.

ಸಿಸ್ಟರ್ ನಿಮ್ಮ ಟೋಪಿ ಸರಿಸಿ ಹೆಡ್‌ಫೋನ್ ಹಾಕುತ್ತಾರೆ. ನಿನ್ನೆ ಸಂಜೆ ವಾರ್ಡಿಗೆ ಬಂದಿದ್ದ ಡಾಕ್ಟರು ಬಿಪಿ, ಶುಗರ್ ವಿಚಾರಿಸಿದ ಮೇಲೆ, “ಯಾವ ಹಾಡು ಇಷ್ಟ ಅಮ್ಮಾ?” ಎಂದು ಕೇಳಿದ್ದರು. ನೀವು ನಾಚುತ್ತಲೇ ಪಿ.ಬಿ. ಶ್ರೀನಿವಾಸ್ ಎಂದಿದ್ದಿರಿ. ಈಗ ಆ ಮೆತ್ತನೆಯ ದನಿ ಕಿವಿ ತುಂಬುತ್ತದೆ. ವಾಲ್ಯೂಮ್ ಹಿತವಾಗಿದೆ, ಡಾಕ್ಟರು ಮಾತಾಡಿಸಿದರೂ ಕೇಳಿಸುತ್ತದೆ.

ಗರಗಸ ಶುರುವಾಗುತ್ತದೆ. ಮೂಳೆ ಕೊಯ್ಯುವ ಆ ಸದ್ದು ಹಾಡಿನ ಹಿಂದೆ, ಪಕ್ಕದ ಬೀದಿಯ ಬಡಗಿ ಅಂಗಡಿಯಿಂದ ಬಂದ ಹಾಗೆ, ಮಸುಕಾಗಿ ಕೇಳುತ್ತದೆ. “ಈಗ ಸುತ್ತಿಗೆ ಏಟು ಬೀಳತ್ತೆ. ಮೈ ಅಲುಗತ್ತೆ, ನೋವಿರಲ್ಲ.” ಟಕ್. ಟೇಬಲ್ಲಿನ ಜೊತೆ ನಿಮ್ಮ ಭುಜವೂ ಅದುರುತ್ತದೆ. ನೀವು ತುಟಿಯೊಳಗೇ ಗುನುಗತೊಡಗುತ್ತೀರಿ. ಬಾಯಿಪಾಠವಾದ ಹಾಡು; ಮುಂದೇನು ಬರುತ್ತದೆಂದು ಗೊತ್ತು. ಮುಂದಿನ ಏಟಿಗೆ ಕಾಯುತ್ತಿದ್ದ ಮನಸ್ಸು ಈಗ ಮುಂದಿನ ಸಾಲಿಗೆ ಕಾಯುತ್ತಿದೆ. ಹಾಡು ಮಾಡುವ ಉಪಕಾರ ಇದೇ. ಭಯ ಏರಿದರೆ ಎದೆಬಡಿತ, ರಕ್ತದೊತ್ತಡ ಏರುತ್ತವೆ, ಸಣ್ಣ ನೋವೂ ದೊಡ್ಡದಾಗುತ್ತದೆ. ಗಮನಕ್ಕೆ ಬೇರೊಂದು ಆಸರೆ ಸಿಕ್ಕರೆ ಆ ಏರಿಕೆಗೆ ತಡೆ ಬೀಳುತ್ತದೆ.

ಈ ಉಪಾಯಕ್ಕೆ ನೂರು ವರ್ಷ ದಾಟಿದೆ. ಅಮೆರಿಕದ ಪೆನ್ಸಿಲ್ವೇನಿಯಾದ ಸರ್ಜನ್ ಇವಾನ್ ಕೇನ್ ಆಪರೇಷನ್ ಕೋಣೆಯಲ್ಲೇ ಫೋನೋಗ್ರಾಫ್ ಇರಿಸಿ, ರೋಗಿಗಳ ಭಯ ಅದರಿಂದ ತಗ್ಗುತ್ತದೆಂದು 1914ರಲ್ಲಿ ಬರೆದರು. 2015ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ 73 ಪ್ರಯೋಗಗಳ, ಸುಮಾರು 7,000 ರೋಗಿಗಳ ಫಲಿತಾಂಶವನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದನ್ನು ಪ್ರಕಟಿಸಿತು. ಸಂಗೀತ ಕೇಳಿದವರಲ್ಲಿ ಆಪರೇಷನ್ ನಂತರದ ನೋವೂ ಆತಂಕವೂ ಕಡಿಮೆಯಾಗಿದ್ದವು, ನೋವಿನ ಔಷಧಿಯೂ ಕಡಿಮೆ ಸಾಕಾಗಿತ್ತು. ಪೂರ್ತಿ ಪ್ರಜ್ಞೆ ತಪ್ಪಿಸಿದ್ದವರಿಗೂ ಅದರ ಪ್ರಯೋಜನ ಸಿಕ್ಕಿತ್ತು.

ಹೊಲಿಗೆ ಮುಗಿಯಿತು. ಟ್ರಾಲಿ ರಿಕವರಿ ಕೋಣೆಗೆ ಉರುಳುತ್ತದೆ. ಗಂಟೆಗಳು ಕಳೆದಂತೆ ಬೆರಳುಗಳಿಗೆ ಜೀವ ಬರುತ್ತದೆ, ಮಂಡಿಯಲ್ಲಿ ನೋವು ಹೆಡೆ ಎತ್ತುತ್ತದೆ. ಡ್ರಿಪ್ಪಿನಲ್ಲಿ ಔಷಧಿ ಇಳಿಯುತ್ತಿದೆ. ಅದು ಬೇಕೇ ಬೇಕು, ಹಾಡು ಅದರ ಬದಲಿಯಲ್ಲ. “ಹಾಡು ಹಾಕಲಾ ಅಮ್ಮಾ?” ಸಿಸ್ಟರ್ ಕೇಳುತ್ತಾರೆ. ನೀವು ತಲೆಯಾಡಿಸುತ್ತೀರಿ.

ಒಂದು ಮೊಬೈಲು, ಒಂದು ಹೆಡ್‌ಫೋನ್, ಇಷ್ಟದ ನಾಲ್ಕು ಹಾಡು. ತಾಲ್ಲೂಕು ಆಸ್ಪತ್ರೆಗೂ ಇದು ಭಾರವಾಗದು. ಡಾಕ್ಟರು ಹಾಡಿನ ಬಗ್ಗೆ ಕೇಳದ ಕಡೆ ನೀವೇ ಕೇಳಿ. ಆಪರೇಷನ್ನಿನ ಹಿಂದಿನ ದಿನ ಯಾವ ಮಾತ್ರೆ ನುಂಗುತ್ತೀರಿ, ಯಾವುದು ಒಗ್ಗುವುದಿಲ್ಲ ಎಂದು ಡಾಕ್ಟರಿಗೆ ಹೇಳುತ್ತೀರಲ್ಲ, ಯಾವ ಹಾಡು ಬೇಕೆಂಬುದನ್ನೂ ಅಷ್ಟೇ ಸಂಕೋಚವಿಲ್ಲದೆ ಹೇಳಿ.