ನಕ್ಷೆಯ ಅಂಚಿನ ದೀಪಸ್ತಂಭ

2011ರಲ್ಲಿ ಬಂದ ಸ್ಕೈರಿಮ್ ಗೇಮ್ ಆಡಿದವರಿಗೆ ವೈಟ್‌ರನ್, ಸಾಲಿಟ್ಯೂಡ್ ಪಟ್ಟಣಗಳ ಗಲ್ಲಿಗಲ್ಲಿಯೂ ಗೊತ್ತು. ನನ್ನ ಮನಸ್ಸು ಹೋಗುವುದು ಮಾತ್ರ ನಕ್ಷೆಯ ಉತ್ತರದ ತುದಿಗೆ, ಮುಖ್ಯ ಕಥೆ ನಮ್ಮನ್ನು ಕಳಿಸದೇ ಇರುವ ಫ್ರಾಸ್ಟ್‌ಫ್ಲೋ ದೀಪಸ್ತಂಭಕ್ಕೆ. ಬಾಗಿಲು ತೆಗೆದರೆ ಒಳಗೊಂದು ಹೆಂಗಸಿನ ಹೆಣ. ಹ್ಯಾಬ್ಡ್ ಎಂಬ ನಾವಿಕ ಹೆಂಡತಿ, ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಇಲ್ಲಿ ಬಂದು ನೆಲೆಸಿದ್ದ. ಆಮೇಲೆ ಏನಾಯಿತು ಅನ್ನುವುದನ್ನು ಅವರ ದಿನಚರಿಗಳೇ ಹೇಳುತ್ತವೆ. ನೆಲಮಾಳಿಗೆಯಲ್ಲಿ ಏನೋ ಕೆರೆಯುವ ಸದ್ದು ಎಂಬ ಮಾತು ಓದುವಾಗ ಈಗಲೂ ಮೈ ಜುಮ್ಮೆನ್ನುತ್ತದೆ.

ಸತ್ತ ಮೇಲೆ ತನ್ನನ್ನು ದೀಪದ ಬೆಂಕಿಯಲ್ಲೇ ಸುಡಬೇಕು ಅನ್ನುವುದು ಹ್ಯಾಬ್ಡ್‌ನ ಆಸೆ. ಕೆಳಗಿನ ಗುಹೆಯ ದೈತ್ಯ ಹುಳುವನ್ನು ಕೊಂದರೆ ಅವನ ಅವಶೇಷ ಸಿಗುತ್ತದೆ. ಅದನ್ನು ಹೊತ್ತು ಮೇಲೆ ಹತ್ತಿ ಬೆಂಕಿಗೆ ಹಾಕಿದರೆ, ಗಾಯ ಮಾಯಿಸುವ ಮಂತ್ರಗಳ ಶಕ್ತಿ 10% ಹೆಚ್ಚುತ್ತದೆ. ಈ ವರ ಸಿಗುತ್ತದೆಂದು ಯಾರೂ ಮೊದಲೇ ಹೇಳುವುದಿಲ್ಲ. ದಿನಚರಿ ಓದಿ, ಮರುಗಿ, ನಾವೇ ಮಾಡಬೇಕು. ನನ್ನ ಪಾಲಿಗೆ ಇಡೀ ಆಟದ ಅತ್ಯುತ್ತಮ ಕಥೆ ಇದೇ.

ಈಗ ಆಡುತ್ತಿರುವವರು ಒಮ್ಮೆ ಫಾಸ್ಟ್ ಟ್ರಾವೆಲ್ ಬಿಟ್ಟು, ಡಾನ್‌ಸ್ಟಾರ್ ಪಟ್ಟಣದಿಂದ ಕಡಲ ದಡ ಹಿಡಿದು ಪೂರ್ವಕ್ಕೆ ನಡೆಯಿರಿ. ದಿನಚರಿಗಳನ್ನು ಮಾತ್ರ ಓದದೆ ಬಿಡಬೇಡಿ.